ಕತ್ತಲೆಯ 35 ನಿಮಿಷ: ಪುಟ್ಟ ಉಪಗ್ರಹಕ್ಕೆ ಹಾಕಿದ ಪವರ್ ಕಿಟ್ ಹೇಗಿದೆ?

ನಮ್ಮ ಪುಟ್ಟ ಉಪಗ್ರಹ ಮೇಲೆ ಹೋಗಿ ಹದಿನಾಲ್ಕು ತಿಂಗಳಾಯಿತು. ಅದರೊಳಗಿನ ಬ್ಯಾಟರಿ ಪ್ಯಾಕ್, ಪವರ್ ಬೋರ್ಡ್, ಮೈಮೇಲಿನ ನಾಲ್ಕು ಸೋಲಾರ್ ಪ್ಯಾನೆಲ್, ಎಲ್ಲವನ್ನೂ ಒಬ್ಬರೇ ತಯಾರಕರಿಂದ ಕಿಟ್ ಆಗಿ ತರಿಸಿದ್ದೆವು. ತಂಡದಲ್ಲಿ ಪವರ್ ವಿಭಾಗ ನನ್ನದು. ಪೆಟ್ಟಿಗೆ ಬಿಚ್ಚಿದ್ದು ನಾನೇ, ಮೊದಲ ಸಲ ಮಲ್ಟಿಮೀಟರ್ ಹಿಡಿದದ್ದೂ ನಾನೇ. ಈಗಲೂ ದಿನಾ ಬೆಳಗ್ಗೆ ಎದ್ದ ತಕ್ಷಣ ನೋಡುವುದು ಅದರ ಬ್ಯಾಟರಿ ವೋಲ್ಟೇಜನ್ನೇ. ಇಷ್ಟು ದಿನ ಒಡನಾಡಿದ ಮೇಲೆ ಇದರ ಬಗ್ಗೆ ಬರೆಯಬಹುದು ಅನ್ನಿಸಿತು.

ತಯಾರಕರ ಹೆಸರು ಹಾಕುತ್ತಿಲ್ಲ. ಮುಂದೆ ಕೆಲವು ದೂರುಗಳಿವೆ, ಅವನ್ನು ಅವರಿಗೇ ನೇರವಾಗಿ ಹೇಳಿದ್ದೇನೆ. ನೀವು ಯಾರಿಂದಲೇ ಕೊಂಡರೂ ಏನನ್ನು ಕೆದಕಿ ನೋಡಬೇಕು ಅನ್ನುವುದು ಇದರಿಂದ ಗೊತ್ತಾದರೆ ಸಾಕು.

ಕಿಟ್‌ನಲ್ಲಿ ಇರುವುದು ಇಷ್ಟು. ನಮ್ಮದು 10 ಸೆಂ.ಮೀ. ಅಗಲ, 34 ಸೆಂ.ಮೀ. ಉದ್ದದ ಕ್ಯೂಬ್‌ಸ್ಯಾಟ್, ಅಂದರೆ ಗೊತ್ತುಪಡಿಸಿದ ಅಳತೆಯ ಪೆಟ್ಟಿಗೆಯಾಕಾರದ ಪುಟ್ಟ ಉಪಗ್ರಹ. ಉದ್ದದ ನಾಲ್ಕು ಬದಿಗೂ ಒಂದೊಂದು ಪ್ಯಾನೆಲ್, ಒಂದೊಂದರಲ್ಲಿ ಏಳು ಸೆಲ್. ಇವು ಮನೆ ಚಾವಣಿ ಮೇಲೆ ಹಾಕುವ ಸಿಲಿಕಾನ್ ಸೆಲ್ ಅಲ್ಲ. ಮೂರು ಪದರಗಳನ್ನು ಒಂದರ ಮೇಲೊಂದು ಬೆಳೆಸಿದ, ಗ್ಯಾಲಿಯಂ ಆರ್ಸೆನೈಡ್ ಬಗೆಯವು. ಬಿದ್ದ ಬಿಸಿಲಿನಲ್ಲಿ ಶೇ. 29ರಷ್ಟನ್ನು ವಿದ್ಯುತ್ ಮಾಡುತ್ತವೆ. ಬ್ಯಾಟರಿ ಪ್ಯಾಕ್‌ನಲ್ಲಿ ನಾಲ್ಕು ಲಿಥಿಯಂ ಅಯಾನ್ ಸೆಲ್‌ಗಳು. ಟಾರ್ಚ್, ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇರುತ್ತಲ್ಲ, ಅದೇ 18650 ಅಳತೆ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಪೂರ್ತಿ ತುಂಬಿದಾಗ ಪ್ಯಾಕ್ 8.4 ವೋಲ್ಟ್ ಇರುತ್ತದೆ. ಒಟ್ಟು ಹಿಡಿಯುವುದು ಸುಮಾರು 38 ವ್ಯಾಟ್-ಅವರ್ (ಒಂದು ವ್ಯಾಟ್‌ನ ಹೊರೆಯನ್ನು ಒಂದು ಗಂಟೆ ನಡೆಸುವಷ್ಟು ಶಕ್ತಿ ಒಂದು ವ್ಯಾಟ್-ಅವರ್). ಇವೆರಡರ ನಡುವೆ ಪವರ್ ಬೋರ್ಡ್. ಪ್ಯಾನೆಲ್‌ನಿಂದ ಬಂದದ್ದನ್ನು ಬ್ಯಾಟರಿಗೆ ತುಂಬುವುದು, ಅಲ್ಲಿಂದ ರೇಡಿಯೋ, ಕಂಪ್ಯೂಟರ್, ಕ್ಯಾಮೆರಾಗಳಿಗೆ ಹಂಚುವುದು ಅದರ ಕೆಲಸ.

ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಪ್ಯಾನೆಲ್ ಎಷ್ಟು ವ್ಯಾಟ್ ಅಂತ. ನಾನೂ ಅದನ್ನೇ ಕೇಳಿದ್ದೆ. ಈಗ ಕೇಳುವುದಾದರೆ ಮೊದಲ ಪ್ರಶ್ನೆ ಬೇರೆ: ಬ್ಯಾಟರಿ ಪೂರ್ತಿ ಖಾಲಿಯಾದರೆ ನಿಮ್ಮ ಬೋರ್ಡ್ ಏನು ಮಾಡುತ್ತದೆ?

ಯಾಕೆ ಅಂತ ಹೇಳುತ್ತೇನೆ. ಸುಮಾರು 500 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ 95 ನಿಮಿಷ ಬೇಕು. ಅದರಲ್ಲಿ 35 ನಿಮಿಷದಷ್ಟು ಉಪಗ್ರಹ ಭೂಮಿಯ ನೆರಳಿನಲ್ಲಿರುತ್ತದೆ. ಅಂದರೆ ನಮಗೆ ಒಂದು ದಿನ ಕಳೆಯುವಷ್ಟರಲ್ಲಿ ಅದು 15 ರಾತ್ರಿ ನೋಡಿರುತ್ತದೆ. ವರ್ಷಕ್ಕೆ ಐದೂವರೆ ಸಾವಿರ. ಫೋನ್ ಬ್ಯಾಟರಿಗೆ ದಿನಕ್ಕೆ ಒಂದು ಸಲ ಇಳಿದು ಏರುವ ಕೆಲಸ. ಅದಕ್ಕೇ ಎರಡು ಮೂರು ವರ್ಷದಲ್ಲಿ ಸುಸ್ತಾಗುತ್ತದೆ, ಅಲ್ವಾ? ಇಲ್ಲಿ ದಿನಕ್ಕೆ 15 ಸಲ, ಅದೂ ಬದಲಾಯಿಸಲು ಯಾರೂ ಹೋಗಲಾಗದ ಜಾಗದಲ್ಲಿ.

ಹಾಗಾಗಿ ಬ್ಯಾಟರಿಯನ್ನು ಆಳಕ್ಕೆ ಇಳಿಸಬಾರದು. ನಮ್ಮ ಉಪಗ್ರಹ ಒಂದು ರಾತ್ರಿಗೆ ಬಳಸುವುದು ಎರಡೂವರೆ ವ್ಯಾಟ್-ಅವರ್‌ನಷ್ಟು. ಪ್ಯಾಕ್‌ನಲ್ಲಿರುವುದು 38. ಇಷ್ಟು ಭಾರ ಸುಮ್ನೆ ಯಾಕೆ ಹೊತ್ತುಕೊಂಡು ಹೋಗಬೇಕು ಅಂತ ತಂಡದಲ್ಲಿ ಜಗಳವೇ ಆಗಿತ್ತು. ಕ್ಯಾಮೆರಾದವರಿಗೆ ಆ ಜಾಗ ಬೇಕಿತ್ತು. ನಾನು ಬಿಡಲಿಲ್ಲ. ಹಬಲ್ ಟೆಲಿಸ್ಕೋಪ್‌ನ ಆರು ನಿಕಲ್ ಹೈಡ್ರೋಜನ್ ಬ್ಯಾಟರಿಗಳು 1990ರಲ್ಲಿ ಹೋದವು. 2009ರಲ್ಲಿ ಗಗನಯಾತ್ರಿಗಳು ಹೋಗಿ ಬದಲಾಯಿಸುವ ತನಕ 19 ವರ್ಷ ದುಡಿದವು. ಅಷ್ಟು ಬಾಳಿಕೆ ಬಂದದ್ದಕ್ಕೆ ಒಂದು ಕಾರಣ, ಪ್ರತಿ ಸುತ್ತಿನಲ್ಲೂ ಮೇಲಿಂದ ಮೇಲೆ ಸ್ವಲ್ಪವೇ ಖರ್ಚು ಮಾಡಿ ಮತ್ತೆ ತುಂಬಿಸಿದ್ದು.

ಈಗ ಪ್ಯಾನೆಲ್ ವಿಷಯಕ್ಕೆ ಬರುತ್ತೇನೆ. ನೋಡಲು ತುಂಬಾ ಚೆನ್ನಾಗಿವೆ. ಕಪ್ಪು ನೀಲಿ ಬಣ್ಣ, ಮೇಲೆ ತೆಳುವಾದ ಗಾಜು, ಎರಡು ಮೂಲೆ ಕತ್ತರಿಸಿದ ಸೆಲ್‌ಗಳು. ಬರಿಗೈಲಿ ಮುಟ್ಟಬಾರದು. ಕಣ್ಣಿಗೆ ನಾಲ್ಕೂ ಒಂದೇ ಥರ ಕಾಣುತ್ತಿದ್ದವು. ಆದರೆ ಒಂದು ಪರೀಕ್ಷೆ ಇದೆ, ದಯವಿಟ್ಟು ನೀವೂ ಮಾಡಿ. ಕೋಣೆಯನ್ನು ಪೂರ್ತಿ ಕತ್ತಲು ಮಾಡಿ, ಪವರ್ ಸಪ್ಲೈಯಿಂದ ಪ್ಯಾನೆಲ್‌ಗೇ ಸ್ವಲ್ಪ ಕರೆಂಟ್ ಕೊಡಿ. ಸೋಲಾರ್ ಸೆಲ್ ತಿರುಗಿ ಎಲ್‌ಇಡಿ ಥರ ಕೆಲಸ ಮಾಡುತ್ತದೆ. ಮೂರು ಪದರಗಳಲ್ಲಿ ಮೇಲಿನದು ಕೆಂಪು ಬೆಳಕು ಕೊಡುತ್ತದೆ, ಅದು ಬರಿಗಣ್ಣಿಗೇ ಕಾಣುತ್ತದೆ.

ನಾವು ದೀಪ ಆರಿಸಿ ಒಂದೆರಡು ನಿಮಿಷ ಸುಮ್ಮನೆ ನಿಂತೆವು. ಕಣ್ಣು ಹೊಂದಿಕೊಂಡ ಮೇಲೆ ನಿಧಾನವಾಗಿ ಕರೆಂಟ್ ಏರಿಸಿದೆ. ಏಳು ಸೆಲ್‌ಗಳೂ ಕೆಂಡದ ಹಾಗೆ ಮಂದವಾಗಿ ಹೊಳೆದವು. ಮೂರನೇ ಪ್ಯಾನೆಲ್‌ನಲ್ಲಿ ಮಾತ್ರ, ಐದನೇ ಸೆಲ್‌ನ ಮೂಲೆಯಿಂದ ಮಧ್ಯದವರೆಗೆ ಕೂದಲೆಳೆಯಷ್ಟು ಕಪ್ಪು ಗೆರೆ. ಬೆಳಕಿನಲ್ಲಿ ಎಷ್ಟು ಹುಡುಕಿದರೂ ಸಿಗದ ಬಿರುಕು ಅದು. ಸಾಗಣೆಯಲ್ಲಿ ಆದದ್ದೋ, ಅಂಟಿಸುವಾಗ ಆದದ್ದೋ ಗೊತ್ತಾಗಲಿಲ್ಲ. ಫೋಟೋ ಕಳಿಸಿದ ಮೇಲೆ ಮರುಮಾತಿಲ್ಲದೆ ಬೇರೆ ಪ್ಯಾನೆಲ್ ಕಳಿಸಿದರು. ಆ ವಿಷಯದಲ್ಲಿ ಅವರಿಗೆ ಪೂರ್ತಿ ಅಂಕ. ಏಳೂ ಸೆಲ್‌ಗಳು ಸಾಲಾಗಿ ಜೋಡಿಸಿರುವುದರಿಂದ ಒಂದು ಸೆಲ್ ಒಡೆದರೆ ಇಡೀ ಸಾಲು ಸೊರಗುತ್ತದೆ. ಮೇಲೆ ಹೋದ ಮೇಲೆ ಬಿಸಿ, ತಂಪು, ಬಿಸಿ, ತಂಪು ಅಂತ ದಿನಕ್ಕೆ 15 ಸಲ ಹಿಗ್ಗಿ ಕುಗ್ಗುವಾಗ ಆ ಗೆರೆ ಅಲ್ಲೇ ನಿಲ್ಲುತ್ತಿತ್ತು ಅಂತ ನನಗೆ ನಂಬಿಕೆ ಇಲ್ಲ.

ವ್ಯಾಟ್ ಲೆಕ್ಕದಲ್ಲಿ ಮಾತ್ರ ಒಂದು ಮಾತು. ಡೇಟಾಶೀಟ್‌ನಲ್ಲಿ ಒಂದು ಪ್ಯಾನೆಲ್‌ಗೆ 8.3 ವ್ಯಾಟ್ ಅಂತ ಬರೆದಿದ್ದಾರೆ. ಸುಳ್ಳಲ್ಲ. ಭೂಮಿಯ ಆಸುಪಾಸಿನ ಬಾಹ್ಯಾಕಾಶದಲ್ಲಿ ಬಿಸಿಲು ಚದರ ಮೀಟರ್‌ಗೆ 1361 ವ್ಯಾಟ್. ಒಂದು ಸೆಲ್ 30 ಚದರ ಸೆಂ.ಮೀ. ಲೆಕ್ಕ ಹಾಕಿದರೆ ಸರಿಯಾಗಿಯೇ ಬರುತ್ತದೆ. ಆದರೆ ಅದು 28 ಡಿಗ್ರಿ ಶಾಖದಲ್ಲಿ, ಸೂರ್ಯ ನೆಟ್ಟಗೆ ಎದುರಿಗಿದ್ದಾಗ ಸಿಗುವ ಅಂಕಿ. ಬಿಸಿಲಿಗೆ ಕಾದು 70 ಡಿಗ್ರಿ ದಾಟಿದ ಪ್ಯಾನೆಲ್‌ನಲ್ಲಿ ವೋಲ್ಟೇಜ್ ಕುಸಿಯುತ್ತದೆ, ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ ಅಲ್ಲೇ ಹೋಯಿತು. ಪ್ಯಾನೆಲ್ 60 ಡಿಗ್ರಿ ಓರೆಯಾದರೆ ಅರ್ಧವೇ ಸಿಗುವುದು. ನಮ್ಮ ಉಪಗ್ರಹ ನಿಧಾನವಾಗಿ ಹೊರಳುತ್ತಾ ಹೋಗುತ್ತದೆ. ಬಿಸಿಲಿನ ಒಂದು ಗಂಟೆಯಲ್ಲಿ ಎಲ್ಲ ಪ್ಯಾನೆಲ್ ಸೇರಿ ಸರಾಸರಿ ಸಿಗುವುದು ಐದು ವ್ಯಾಟ್ ಸುತ್ತಮುತ್ತ. ಈ ಸರಾಸರಿಯ ಮೇಲೆ ಬಜೆಟ್ ಹಾಕಿ, ಡೇಟಾಶೀಟ್ ಅಂಕಿಯ ಮೇಲೆ ಬೇಡ.

ಬ್ಯಾಟರಿ ಪ್ಯಾಕ್‌ನಲ್ಲಿ ನನಗೆ ಸಿಕ್ಕಿದ ತಪ್ಪು ಇನ್ನೂ ದೊಡ್ಡದು. ಲಿಥಿಯಂ ಅಯಾನ್ ಸೆಲ್‌ಗೆ ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಕೊಡಬಾರದು. ಕೊಟ್ಟರೆ ಲಿಥಿಯಂ ಒಳಗಿನ ಗ್ರಾಫೈಟ್ ಪದರದೊಳಕ್ಕೆ ಇಳಿಯುವ ಬದಲು ಅದರ ಮೇಲೆ ಲೋಹವಾಗಿ ಕಟ್ಟಿಕೊಳ್ಳುತ್ತದೆ. ಹಿಡಿಯುವ ಶಕ್ತಿ ಕಡಿಮೆಯಾಗುತ್ತದೆ, ಮುಂದೆ ಒಳಗೇ ಶಾರ್ಟ್ ಆಗುವ ಅಪಾಯವೂ ಇದೆ. ಅದಕ್ಕೇ ಪ್ಯಾಕ್‌ನಲ್ಲಿ ಹೀಟರ್ ಇಟ್ಟಿರುತ್ತಾರೆ. ನಮ್ಮದರಲ್ಲಿ ಒಂದು ಡಿಗ್ರಿಗೆ ಇಳಿದರೆ ಹೀಟರ್ ಹತ್ತಿಕೊಳ್ಳುವ ಹಾಗೆ, ಐದಕ್ಕೆ ಏರಿದರೆ ಆರುವ ಹಾಗೆ ಹೊಂದಿಸಿ ಕಳಿಸಿದ್ದರು.

ಮೇಜಿನ ಮೇಲೆ, ತಂಪು ಪೆಟ್ಟಿಗೆಯಲ್ಲಿ ಇಟ್ಟು ನೋಡಿದಾಗ ಎಲ್ಲ ಸರಿ ಇತ್ತು. ಆಮೇಲೆ ನಿರ್ವಾತದ ಚೇಂಬರ್‌ಗೆ ಹಾಕಿದೆವು. ಹಾಕುವ ಮೊದಲು ಪ್ರತಿ ಸೆಲ್‌ಗೂ ನಮ್ಮದೇ ಒಂದೊಂದು ಥರ್ಮೋಕಪಲ್ (ಶಾಖ ಅಳೆಯುವ ತಂತಿ) ಇಟ್ಟು, ಬಿಸಿ ತಂಪು ತಡೆಯುವ ಹಳದಿ ಕ್ಯಾಪ್ಟಾನ್ ಟೇಪ್‌ನಿಂದ ಅಂಟಿಸಿದ್ದೆ. ಚೇಂಬರ್ ಗೋಡೆಗಳನ್ನು ಮೈನಸ್ 20ಕ್ಕೆ ಇಳಿಸಿದೆವು. ಪ್ಯಾಕ್‌ನ ಸೆನ್ಸರ್ 5 ಡಿಗ್ರಿ ಅಂತ ಹೇಳಿ ಹೀಟರ್ ಆರಿಸಿತು. ಅದೇ ಕ್ಷಣದಲ್ಲಿ ಹೊರಗಿನ ಸೆಲ್ ಮೇಲಿದ್ದ ನನ್ನ ಥರ್ಮೋಕಪಲ್ ಮೈನಸ್ 2 ತೋರಿಸುತ್ತಿತ್ತು. ಚಾರ್ಜಿಂಗ್ ಶುರುವಾಗಿತ್ತು. ತಕ್ಷಣ ನಿಲ್ಲಿಸಿದೆ.

ಚೇಂಬರ್ ತೆರೆದು ಪ್ಯಾಕ್ ಬಿಚ್ಚಿ ನೋಡಿದರೆ ಕಾರಣ ಕಣ್ಣೆದುರಿಗೇ ಇತ್ತು. ಸೆನ್ಸರ್ ಹೀಟರ್ ಪಟ್ಟಿಯ ಪಕ್ಕದಲ್ಲೇ ಇದೆ, ಒಂದು ಬೆರಳಿನ ಅಗಲವೂ ದೂರ ಇಲ್ಲ. ಅದಕ್ಕೆ ಹೀಟರ್‌ನ ಬಿಸಿ ಮೊದಲು ತಾಗುತ್ತದೆ. ಗಾಳಿ ಇರುವ ಕಡೆ ಶಾಖ ಎಲ್ಲ ಸೆಲ್‌ಗೂ ಹರಡಿಕೊಳ್ಳುತ್ತದೆ, ಹಾಗಾಗಿ ಮೇಜಿನ ಮೇಲೆ ಗೊತ್ತಾಗಲಿಲ್ಲ. ನಿರ್ವಾತದಲ್ಲಿ ಹೊತ್ತೊಯ್ಯಲು ಗಾಳಿಯೇ ಇಲ್ಲ. ಆ ಆಚೆಯ ಸೆಲ್ ಪಾಪ ಚಳಿಯಲ್ಲೇ ಕೂತಿತ್ತು. ನಾವು ಹೀಟರ್ ಹತ್ತುವ ಮಟ್ಟವನ್ನು 8 ಡಿಗ್ರಿಗೆ, ಆರುವ ಮಟ್ಟವನ್ನು 12ಕ್ಕೆ ಏರಿಸಿ ಮತ್ತೆ ಪರೀಕ್ಷೆ ಮಾಡಿದೆವು. ಆಗ ಎಲ್ಲ ಸೆಲ್‌ಗಳೂ ಶೂನ್ಯದ ಮೇಲೇ ಉಳಿದವು. ಕತ್ತಲೆಯಲ್ಲಿ ಹೀಟರ್‌ಗೆ ಸ್ವಲ್ಪ ಜಾಸ್ತಿ ಖರ್ಚಾಯಿತು, ಆಗಲಿ. ದೊಡ್ಡ ಬ್ಯಾಟರಿಗೆ ಜಗಳವಾಡಿದ್ದು ಇಲ್ಲಿ ಉಪಯೋಗಕ್ಕೆ ಬಂತು.

ತಯಾರಕರಿಗೆ ಬರೆದೆ. ಉತ್ತರ ಬರಲು ಮೂರು ವಾರ ಹಿಡಿಯಿತು. ಬಾಹ್ಯಾಕಾಶಕ್ಕೆ ಅಂತಲೇ ಮಾರುವ ಪ್ಯಾಕ್‌ನಲ್ಲಿ ಇಂಥ ತಪ್ಪು ಉಳಿದಿರುವುದು, ಅದನ್ನು ಹೇಳಿದ ಮೇಲೂ ಮೂರು ವಾರ ಕಾಯಿಸಿದ್ದು, ಎರಡೂ ನನಗೆ ಬೇಸರ ತಂದವು. ನಮ್ಮ ಹಾಗೆ ಥರ್ಮೋಕಪಲ್ ಅಂಟಿಸದೆ ಹಾರಿಸಿದವರ ಉಪಗ್ರಹಗಳ ಬಗ್ಗೆ ಈಗಲೂ ಯೋಚನೆ ಬರುತ್ತದೆ.

ಇನ್ನು ಪವರ್ ಬೋರ್ಡ್. ಈ ಕಿಟ್‌ನ ಬೆಲೆಬಾಳುವ ಭಾಗ ಇದೇ.

ಇದಕ್ಕೆ ಮೊದಲು ಬೇರೊಂದು ಕಡೆಯ ಬೋರ್ಡ್ ತರಿಸಿ ನೋಡಿದ್ದೆವು. ಅದು ಬ್ಯಾಟರಿ 6.2 ವೋಲ್ಟ್‌ಗೆ ಇಳಿದರೆ ಎಲ್ಲವನ್ನೂ ಆರಿಸಿ, 6.4ಕ್ಕೆ ಏರಿದರೆ ಮತ್ತೆ ಹಚ್ಚುತ್ತಿತ್ತು. ಕೇಳಲು ಸರಿ ಅನ್ನಿಸುತ್ತದೆ. ಆದರೆ ಬ್ಯಾಟರಿಯ ಗುಣ ನೋಡಿ. ಹೊರೆ ಇಳಿಸಿದ ಕೂಡಲೇ ಅದರ ವೋಲ್ಟೇಜ್ ತಾನಾಗಿ ಮೇಲೇಳುತ್ತದೆ. ಒಂದು ಹನಿ ಚಾರ್ಜ್ ಕೂಡ ಬಂದಿರುವುದಿಲ್ಲ, ಆದರೂ 6.4 ತೋರಿಸುತ್ತದೆ. ಬೋರ್ಡ್ ಅದನ್ನು ನಂಬಿ ಕಂಪ್ಯೂಟರ್ ಹಚ್ಚುತ್ತದೆ. ಕಂಪ್ಯೂಟರ್ ಎದ್ದು ರೇಡಿಯೋ ಹಚ್ಚುತ್ತದೆ. ವೋಲ್ಟೇಜ್ ಮತ್ತೆ ಕುಸಿಯುತ್ತದೆ, ಮತ್ತೆ ಆರುತ್ತದೆ. ಒಂದು ರಾತ್ರಿ ಬೇಕೆಂದೇ ಬ್ಯಾಟರಿ ಖಾಲಿ ಮಾಡಿ, ಮಂದವಾದ ದೀಪದ ಕೆಳಗೆ ಪ್ಯಾನೆಲ್ ಇಟ್ಟು ಹೋಗಿದ್ದೆ. ಬೆಳಗ್ಗೆ ಬಂದು ನೋಡಿದರೆ, ಎಷ್ಟು ಸಲ ಆರಿ ಹತ್ತಿತು ಅಂತ ಎಣಿಸುವ ರೀಸೆಟ್ ಕೌಂಟರ್ 41. ಪ್ಯಾನೆಲ್ ಇಡೀ ರಾತ್ರಿ ಗಳಿಸಿದ್ದನ್ನೆಲ್ಲ ಎದ್ದು ಬೀಳುವುದರಲ್ಲೇ ಕಳೆದಿತ್ತು. ಆ ಬೋರ್ಡ್ ವಾಪಸ್ ಹೋಯಿತು.

ಈ ಕಿಟ್‌ನ ಬೋರ್ಡ್ ಬೇರೆ ಥರ. 6.2ಕ್ಕೆ ಆರಿಸುವುದು ಅದೇ. ಆದರೆ ಮತ್ತೆ ಹಚ್ಚುವುದು 7 ವೋಲ್ಟ್ ದಾಟಿದ ಮೇಲೆ. ಅಷ್ಟು ಏರಬೇಕಾದರೆ ನಿಜವಾಗಿಯೂ ಚಾರ್ಜ್ ಬಂದಿರಲೇಬೇಕು. ಅಲ್ಲಿಯವರೆಗೆ ಬ್ಯಾಟರಿಗೆ ತುಂಬುವ ಭಾಗ, ಹೀಟರ್, ಇವೆರಡು ಬಿಟ್ಟು ಬೇರೇನೂ ಕರೆಂಟ್ ಮುಟ್ಟುವುದಿಲ್ಲ. ಎದ್ದ ಮೇಲೂ ಎಲ್ಲವನ್ನೂ ಒಟ್ಟಿಗೆ ಹಚ್ಚುವುದಿಲ್ಲ. ಮೊದಲು ಬೀಕನ್ (ನಾನಿದ್ದೇನೆ ಅಂತ ಆಗಾಗ ಸಾರುವ ಸಣ್ಣ ರೇಡಿಯೋ ಸಂಕೇತ), ಆಮೇಲೆ ಕಂಪ್ಯೂಟರ್, ಉಳಿದದ್ದು ನಾವು ಹೇಳಿದಾಗ. ಅದೇ ಪರೀಕ್ಷೆ, ಅದೇ ಮಂದ ದೀಪ. ಬೆಳಗ್ಗೆ ಕೌಂಟರ್ 1.

ಇನ್ನೊಂದು ಗುಣ ಇದೆ, ಅದನ್ನು ಡೇಟಾಶೀಟ್‌ನಲ್ಲಿ ಒಂದೇ ಸಾಲಿನಲ್ಲಿ ಬರೆದು ಬಿಟ್ಟಿದ್ದಾರೆ. ಬ್ಯಾಟರಿಯನ್ನು ಪೂರ್ತಿ ಕಿತ್ತರೂ, ಬರೀ ಪ್ಯಾನೆಲ್ ಬಲದ ಮೇಲೆ ಈ ಬೋರ್ಡ್ ಎದ್ದು ನಿಲ್ಲುತ್ತದೆ. ನನಗೆ ಇದು ಯಾಕೆ ಇಷ್ಟ ಅಂದರೆ, ಹವ್ಯಾಸಿ ರೇಡಿಯೋದವರ ಆಸ್ಕರ್ 7 ಉಪಗ್ರಹದ ಕಥೆ ನನಗೆ ಬಾಯಿಪಾಠ. 1974ರ ನವೆಂಬರ್‌ನಲ್ಲಿ ಅದು ಮೇಲೆ ಹೋಯಿತು. 1981ರಲ್ಲಿ ಬ್ಯಾಟರಿ ಶಾರ್ಟ್ ಆಗಿ ಮೌನವಾಯಿತು. ಎಲ್ಲರೂ ಕೈಬಿಟ್ಟರು. 2002ರ ಜೂನ್‌ನಲ್ಲಿ ಒಂದು ದಿನ ಅದರ ಸದ್ದು ಮತ್ತೆ ಕೇಳಿಸಿತು, 21 ವರ್ಷದ ಮೇಲೆ! ಶಾರ್ಟ್ ಆಗಿದ್ದ ಬ್ಯಾಟರಿ ಕೊನೆಗೆ ತುಂಡಾದ ತಂತಿಯ ಹಾಗೆ ತೆರೆದುಕೊಂಡಿತ್ತು. ಪ್ಯಾನೆಲ್‌ನ ಕರೆಂಟನ್ನು ನುಂಗುವವರು ಯಾರೂ ಇರಲಿಲ್ಲ. ಆಮೇಲೆ ಬಿಸಿಲಿಗೆ ಬಂದಾಗಲೆಲ್ಲ ಏಳುವುದು, ನೆರಳಿಗೆ ಹೋದಾಗಲೆಲ್ಲ ಮಲಗುವುದು ಅದರ ರೂಢಿಯಾಯಿತು.

ಅಮೆರಿಕದ ವ್ಯಾನ್‌ಗಾರ್ಡ್ 1 ಉಪಗ್ರಹ ಕೂಡ ಇಂಥದ್ದೇ ಸಾಕ್ಷಿ. 1958ರ ಮಾರ್ಚ್‌ನಲ್ಲಿ ಹೋದ ಆ ಪುಟ್ಟ ಗೋಲದಲ್ಲಿ ಎರಡು ಟ್ರಾನ್ಸ್‌ಮಿಟರ್ ಇದ್ದವು. ಬ್ಯಾಟರಿಯದ್ದು ಜೂನ್‌ಗೇ ನಿಂತಿತು. ಸೋಲಾರ್ ಸೆಲ್‌ನದ್ದು 1964ರವರೆಗೂ ಮಾತಾಡಿತು. ಬಿಸಿಲು ಸಾಕಷ್ಟಿದ್ದರೂ ಕತ್ತಲೆ ಉದ್ದವಾದರೆ ಏನಾಗುತ್ತದೆ ಅನ್ನುವುದಕ್ಕೆ ಮಂಗಳಯಾನ ಇದೆ. ಆರು ತಿಂಗಳಿಗೆ ಅಂತ ಮಾಡಿದ ನೌಕೆ ಏಳೂವರೆ ವರ್ಷ ಮಂಗಳನನ್ನು ಸುತ್ತಿತು. 2022ರ ಏಪ್ರಿಲ್‌ನ ದೀರ್ಘ ಗ್ರಹಣದ ನಂತರ ಸಂಪರ್ಕಕ್ಕೆ ಸಿಗಲಿಲ್ಲ.

ನಮ್ಮದಕ್ಕೂ ಒಂದು ಕೆಟ್ಟ ರಾತ್ರಿ ಬಂತು. ನಾಲ್ಕನೇ ತಿಂಗಳಲ್ಲಿ ನಾವು ಕಳಿಸಿದ ಒಂದು ಕಮಾಂಡ್ ಪಟ್ಟಿಯಲ್ಲಿ ಕ್ಯಾಮೆರಾ, ಟ್ರಾನ್ಸ್‌ಮಿಟರ್ ಎರಡನ್ನೂ ಹಚ್ಚಲು ಹೇಳಿತ್ತು, ಆರಿಸುವ ಸಾಲು ಬಿಟ್ಟುಹೋಗಿತ್ತು. ತಪ್ಪು ನಮ್ಮದೇ. ಹತ್ತು ವ್ಯಾಟ್ ಖರ್ಚು, ಬರುವುದು ಐದು, ಅದೂ ಬಿಸಿಲಿದ್ದಾಗ. ಲೆಕ್ಕ ಹಾಕಿದರೆ ಮೂರು ನಾಲ್ಕು ಸುತ್ತಿನಲ್ಲಿ ಬ್ಯಾಟರಿ ತಳ ಮುಟ್ಟುತ್ತದೆ. ರಾತ್ರಿ 9.40ರ ಪಾಸ್‌ನಲ್ಲಿ (ಉಪಗ್ರಹ ನಮ್ಮ ಆಕಾಶದಲ್ಲಿ ಹಾದುಹೋಗುವ ಹೊತ್ತು) ಆಂಟೆನಾ ತಿರುಗುತ್ತಾ ಹೋಯಿತು, ಪರದೆ ಮೇಲೆ ಬರೀ ಗೊಜಲು, ಬೀಕನ್‌ನ ಗೆರೆ ಇಲ್ಲ. 11.15ಕ್ಕೆ ಇನ್ನೊಂದು ಪಾಸ್. ಅದೂ ಮೌನ. ಯಾರೂ ಜಾಸ್ತಿ ಮಾತಾಡಲಿಲ್ಲ. ನಾನು ಹಳೆಯ ಪರೀಕ್ಷೆಯ ಗ್ರಾಫ್‌ಗಳನ್ನು ತೆರೆದು ಕೂತೆ. 6.2, ಮೌನ, ನಿಧಾನವಾಗಿ ಏರುವ ಗೆರೆ, 7. ನೆಲದ ಮೇಲೆ ಇದನ್ನು ಹತ್ತಾರು ಸಲ ನೋಡಿದ್ದೆ. ಮೇಲೂ ಹಾಗೇ ಆಗುತ್ತದೆ ಅಂತ ನಂಬುವುದೇ ಆ ರಾತ್ರಿಯ ಕೆಲಸ.

ಬೆಳಗ್ಗೆ 9 ಗಂಟೆಯ ಪಾಸ್‌ನಲ್ಲಿ ಅದು ದಿಗಂತದಿಂದ ಮೇಲೆ ಬಂದು ಅರ್ಧ ನಿಮಿಷವೂ ಆಗಿರಲಿಲ್ಲ, ಬೀಕನ್ ಬಂತು. ಬ್ಯಾಟರಿ 7.9 ವೋಲ್ಟ್. ಸೆಲ್ ಶಾಖ 11 ಡಿಗ್ರಿ. ಕ್ಯಾಮೆರಾ, ಟ್ರಾನ್ಸ್‌ಮಿಟರ್ ಆರಿದ್ದವು. ರೀಸೆಟ್ ಕೌಂಟರ್ ಹಿಂದಿನ ದಿನ 3 ಇತ್ತು, ಈಗ 4. ಒಂದೇ ಒಂದು ಸಲ ಮಲಗಿ, ಒಂದೇ ಒಂದು ಸಲ ಎದ್ದಿತ್ತು. ಆ 4 ಅನ್ನುವ ಅಂಕಿಯನ್ನು ನೋಡಿ ನನ್ನ ಕಣ್ಣು ತುಂಬಿ ಬಂತು.

ಸಣ್ಣಪುಟ್ಟ ದೂರುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕೈಪಿಡಿಯಲ್ಲಿ ಕನೆಕ್ಟರ್‌ನ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುವಿದೆ. ಚಿತ್ರ ನಂಬಿ ಜೋಡಿಸಿದರೆ ಬ್ಯಾಟರಿ ತಂತಿ ಹೋಗಬಾರದ ಪಿನ್‌ಗೆ ಹೋಗುತ್ತದೆ, ದಯವಿಟ್ಟು ಮೊದಲು ಮೀಟರ್ ಹಿಡಿದು ನೋಡಿ. ಕರೆಂಟ್ ತೋರಿಸುವ ಟೆಲಿಮೆಟ್ರಿ (ಉಪಗ್ರಹ ನೆಲಕ್ಕೆ ಕಳಿಸುವ ತನ್ನ ಅಳತೆಗಳು) ಕಡಿಮೆ ಹೊರೆಯಲ್ಲಿ ಸ್ವಲ್ಪ ಜಾಸ್ತಿ ತೋರಿಸುತ್ತದೆ, ನಾವೇ ಅಳೆದು ತಿದ್ದುಪಡಿ ಹಾಕಿಕೊಂಡೆವು. ಇನ್ನು, ಪ್ಯಾನೆಲ್‌ನಿಂದ ಬರುವ ಗರಿಷ್ಠ ವೋಲ್ಟೇಜ್ ತಡೆಯುವ ವಿಷಯದಲ್ಲಿ ಬೋರ್ಡ್ ಗಟ್ಟಿಯಾಗಿದೆ. ನೆರಳಿನಿಂದ ಹೊರಬಂದ ಮೊದಲ ನಿಮಿಷಗಳಲ್ಲಿ ಪ್ಯಾನೆಲ್ ಇನ್ನೂ ಹೆಪ್ಪುಗಟ್ಟುವಷ್ಟು ತಣ್ಣಗಿರುತ್ತದೆ, ಆಗ ವೋಲ್ಟೇಜ್ ನೆಲದ ಮೇಲೆ ಎಂದೂ ಕಾಣದಷ್ಟು ಮೇಲೇಳುತ್ತದೆ. ನಮ್ಮ ಟೆಲಿಮೆಟ್ರಿಯಲ್ಲಿ 21 ವೋಲ್ಟ್ ದಾಟಿದ್ದನ್ನು ನೋಡಿದ್ದೇನೆ. ಬೋರ್ಡ್ 25ರವರೆಗೆ ತಡೆಯುತ್ತದೆ. ಅಂಚಿಗೆ ಅಂಚು ಕೂರಿಸಿದ ಬೋರ್ಡ್ ಆಗಿದ್ದರೆ ಮೊದಲ ಸೂರ್ಯೋದಯಕ್ಕೇ ಸುಟ್ಟುಹೋಗುತ್ತಿತ್ತು.

ಮುಂದಿನ ಉಪಗ್ರಹಕ್ಕೂ ಇದೇ ಕಿಟ್ ಹೇಳಿದ್ದೇವೆ. ಸೆನ್ಸರನ್ನು ಹೊರಗಿನ ಸೆಲ್ ಮೇಲಕ್ಕೆ ಸರಿಸಿದ ಹೊಸ ಪ್ಯಾಕ್ ಹೋದ ವಾರ ಕೈಗೆ ಬಂತು, ಈ ಸಲ ನಾವು ಕೇಳದೆಯೇ ಅವರು ನಿರ್ವಾತ ಪರೀಕ್ಷೆಯ ಗ್ರಾಫ್ ಕೂಡ ಜೊತೆಗಿಟ್ಟಿದ್ದಾರೆ. ಗ್ರಾಫ್ ಚೆನ್ನಾಗಿದೆ. ಆದರೂ ನಾಳೆ ಬೆಳಗ್ಗೆ ನಾಲ್ಕು ಥರ್ಮೋಕಪಲ್, ಒಂದು ಸುರುಳಿ ಕ್ಯಾಪ್ಟಾನ್ ಟೇಪ್ ಹಿಡಿದು ಚೇಂಬರ್ ಹತ್ತಿರ ಹೋಗುತ್ತಿದ್ದೇನೆ.